ಚಾರ್ಜಿಂಗ್ ಲೈಟ್ ಆರಲಿಲ್ಲ ಅಂತ ಆಲ್ಟರ್ನೇಟರ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದ ಹತ್ತಿರ ಅಡಿಕೆ ತೋಟ. ಅಪ್ಪನ ಕಾಲದ 1993ರ ಮಹೀಂದ್ರ ಎಂಎಂ 540 ಜೀಪ್ ಇದೆ. ಡೀಸೆಲ್, ಫೋರ್ ವೀಲ್ ಡ್ರೈವ್. ವರ್ಷದ ಹಿಂದೆ ರಾತ್ರಿ ಹೆಡ್‌ಲೈಟ್ ಹಾಕಿದಾಗಲೆಲ್ಲ ಚಾರ್ಜಿಂಗ್ ಲೈಟ್ ಮಿಣಮಿಣ ಉರಿಯುತ್ತಿತ್ತು. ಹಗಲು ಏನೂ ಕಾಣುತ್ತಿರಲಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿಸಿ ಕಾರ್ಬನ್, ರೆಗ್ಯುಲೇಟರ್ ಹೊಸದು ಹಾಕಿಸಿದೆ. ಹೋಗಲಿಲ್ಲ. ಬ್ಯಾಟರಿ ಬದಲಿಸಿದೆ. ಆಗಲೂ ಹೋಗಲಿಲ್ಲ. ಆಮೇಲೆ ಒಬ್ಬರು ಮೀಟರ್ ಬೋರ್ಡಿನ ಬಲ್ಬುಗಳನ್ನೆಲ್ಲ ಎಲ್‌ಇಡಿ ಮಾಡಿಕೊಟ್ಟರು. ಮಿಣುಕು ನಿಂತಿತು. ಆದರೆ ಈಗ ಬೇರೆ ಕಾಟ. ಗಾಡಿ ಸ್ಟಾರ್ಟ್ ಆದ ಮೇಲೆ ಲೈಟ್ ಆರುವುದಿಲ್ಲ. ಒಂದು ಸಲ ಜೋರಾಗಿ ಎಕ್ಸಲೇಟರ್ ಕೊಟ್ಟರೆ ಆರುತ್ತದೆ, ಆಮೇಲೆ ಗಾಡಿ ನಿಲ್ಲಿಸುವವರೆಗೆ ತೊಂದರೆ ಇಲ್ಲ. ಹೆಡ್‌ಲೈಟ್ ಮಾತ್ರ ಮೊದಲಿನಿಂದಲೂ ಮಂಕು. ಮೆಕ್ಯಾನಿಕ್ ಹೊಸ ಆಲ್ಟರ್ನೇಟರ್ ಹಾಕಿ ಎನ್ನುತ್ತಿದ್ದಾರೆ. ಹಾಕಿಸಲಾ? ನನ್ನ ಹತ್ತಿರ ಒಂದು ಡಿಜಿಟಲ್ ಮೀಟರ್ ಇದೆ, ಅಲ್ಪಸ್ವಲ್ಪ ನೋಡಲು ಬರುತ್ತದೆ.

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದದ್ದನ್ನು ನೋಡಿದರೆ ಆಲ್ಟರ್ನೇಟರ್ ಕೆಟ್ಟಿರುವ ಲಕ್ಷಣ ಒಂದೂ ಇಲ್ಲ. ನಿಮ್ಮ ಜೀಪಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಮೊದಲನೆಯದು ಹಳೆಯದು, ವೈರಿಂಗಿನದು. ಅದು ಇನ್ನೂ ಹಾಗೇ ಇದೆ. ಎರಡನೆಯದು ಎಲ್‌ಇಡಿ ಹಾಕಿದ ಮೇಲೆ ಹುಟ್ಟಿದ್ದು. ಆ ಎಲ್‌ಇಡಿಯೇ ಮೊದಲನೆಯದನ್ನು ಮುಚ್ಚಿಟ್ಟಿದೆ. ಎರಡನ್ನೂ ಸೇರಿಸಿ ಒಂದೇ ಕಾಯಿಲೆ ಅಂದುಕೊಂಡರೆ ಯಾರಿಗಾದರೂ ತಲೆ ಕೆಡುತ್ತದೆ.

ಮೊದಲು ಆ ಬಲ್ಬ್ ಏನು ಮಾಡುತ್ತದೆ ಅನ್ನುವುದು ಗೊತ್ತಾಗಬೇಕು. ಅದೊಂದು ತಿಳಿದರೆ ಉಳಿದದ್ದನ್ನು ನೀವೇ ಹುಡುಕುತ್ತೀರಿ.

ಆಲ್ಟರ್ನೇಟರ್ ಹಿಂದೆ ನೋಡಿ. ದಪ್ಪ ವೈರ್ ಕೂತಿರುವ ಬೋಲ್ಟ್ ಬಿ ಪ್ಲಸ್. ಅದು ನೇರ ಬ್ಯಾಟರಿ ಕಡೆಗೆ ಹೋಗುತ್ತದೆ, ಕೀ ಆಫ್ ಇದ್ದರೂ ಅಲ್ಲಿ ಕರೆಂಟ್ ಇರುತ್ತದೆ. ಪಕ್ಕದಲ್ಲಿ ಸಣ್ಣ ವೈರ್ ಸಿಕ್ಕಿಸಿರುವ ಪಿನ್ ಡಿ ಪ್ಲಸ್. ಕೆಲವು ಆಲ್ಟರ್ನೇಟರ್ ಮೇಲೆ ಎಲ್ ಅಂತಲೋ ಐಎನ್‌ಡಿ ಅಂತಲೋ ಇರುತ್ತದೆ. ಎಲ್ಲ ಒಂದೇ. ಡಬ್ಲ್ಯು ಅಂತ ಇನ್ನೊಂದು ಪಿನ್ ಇದ್ದರೆ ಅದನ್ನು ಮುಟ್ಟಬೇಡಿ, ಅದು ಆರ್‌ಪಿಎಂ ಮೀಟರಿಗೆ.

ಚಾರ್ಜಿಂಗ್ ಬಲ್ಬಿನ ಒಂದು ಕಾಲು ಕೀ ಸ್ವಿಚ್ಚಿನಿಂದ ಬರುವ ವೈರಿಗೆ, ಇನ್ನೊಂದು ಕಾಲು ಈ ಡಿ ಪ್ಲಸ್‌ಗೆ. ಅರ್ಥ್‌ಗೆ ಅಂದರೆ ಬ್ಯಾಟರಿ ಮೈನಸ್ ಸೇರಿರುವ ಗಾಡಿಯ ಕಬ್ಬಿಣಕ್ಕೆ, ನೇರವಾಗಿ ಎಲ್ಲೂ ಸೇರಿಲ್ಲ. ಕೀ ಹಾಕಿದಾಗ, ಎಂಜಿನ್ ಇನ್ನೂ ತಿರುಗದೇ ಇದ್ದಾಗ, ಕರೆಂಟ್ ಬಲ್ಬ್ ಮೂಲಕ ಡಿ ಪ್ಲಸ್‌ಗೆ ಬರುತ್ತದೆ. ಅಲ್ಲಿಂದ ಒಳಗೆ ತಿರುಗುವ ರೋಟರಿನ ಕಾಯಿಲ್, ಅದಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಮತ್ತು ವೋಲ್ಟೇಜ್ ಹದ್ದಿನಲ್ಲಿಡುವ ರೆಗ್ಯುಲೇಟರ್ ದಾಟಿ ಅರ್ಥ್ ಸೇರುತ್ತದೆ. ಬಲ್ಬ್ ಉರಿಯುತ್ತದೆ. ಜೊತೆಗೆ ರೋಟರಿನಲ್ಲಿ ಸ್ವಲ್ಪ ಅಯಸ್ಕಾಂತ ಹುಟ್ಟುತ್ತದೆ. ಎಂಜಿನ್ ತಿರುಗಿದ ಕೂಡಲೇ ಆ ಸ್ವಲ್ಪವೇ ಸಾಕು, ಆಲ್ಟರ್ನೇಟರ್ ತನ್ನದೇ ಕರೆಂಟ್ ಹುಟ್ಟಿಸುತ್ತದೆ. ಅದರ ಒಂದು ಪಾಲು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಒಳಗಿನ ಮೂರು ಸಣ್ಣ ಡಯೋಡ್‌ಗಳ ಮೂಲಕ ರೋಟರಿಗೇ ವಾಪಸ್ ಬರುತ್ತದೆ. ಆಗ ಡಿ ಪ್ಲಸ್‌ನಲ್ಲೂ 14 ವೋಲ್ಟ್, ಕೀ ಕಡೆಯಲ್ಲೂ 14 ವೋಲ್ಟ್. ಅಡಿಕೆ ಮಂಡಿಯ ತಕ್ಕಡಿಯಲ್ಲಿ ಎರಡೂ ತಟ್ಟೆ ಸಮ ಆದಾಗ ಮುಳ್ಳು ನಿಲ್ಲುತ್ತದಲ್ಲ, ಹಾಗೆ. ಎರಡೂ ಕಡೆ ಸಮ ಆದರೆ ಬಲ್ಬಿನಲ್ಲಿ ಹರಿಯಲು ಕರೆಂಟಿಗೆ ದಾರಿಯೇ ಇಲ್ಲ. ಆರಿಹೋಗುತ್ತದೆ.

ಅಂದರೆ ಆ ಬಲ್ಬ್ ಬರೀ ಸೂಚನೆ ಕೊಡುವ ದೀಪ ಅಲ್ಲ. ಚಾರ್ಜಿಂಗ್ ಶುರು ಮಾಡಿಸುವುದೂ ಅದೇ. ಇನ್ನೊಂದು ಮಾತು ನೆನಪಿಡಿ. ಅದು ಬ್ಯಾಟರಿ ಚಾರ್ಜ್ ಆಗುತ್ತಿದೆಯಾ ಇಲ್ಲವಾ ಅಂತ ಹೇಳುವುದಿಲ್ಲ. ತನ್ನ ಎರಡು ಕಾಲುಗಳ ವೋಲ್ಟೇಜ್ ಸಮ ಇದೆಯಾ ಅಂತ ಮಾತ್ರ ಹೇಳುತ್ತದೆ. ಈ ವ್ಯತ್ಯಾಸವೇ ನಿಮ್ಮ ಕಥೆಯ ಜೀವಾಳ.

ಹಳೆ ಕೈಗಳು 'ಬಲ್ಬ್ ಇಲ್ಲದಿದ್ರೂ ಚಾರ್ಜ್ ಆಗುತ್ತೆ ಬಿಡಿ' ಅನ್ನುವುದನ್ನು ನೀವೂ ಕೇಳಿರಬಹುದು. ಅವರ ಮಾತು ಸುಳ್ಳಲ್ಲ, ಡೈನಮೊ ಕಾಲದ್ದು. ಹಳೆ ಪೆಟ್ರೋಲ್ ಜೀಪುಗಳಲ್ಲಿ ಆಲ್ಟರ್ನೇಟರ್ ಬದಲು ಡೈನಮೊ, ಜೊತೆಗೆ ಅದು ತಿರುಗದಿದ್ದಾಗ ಬ್ಯಾಟರಿಯಿಂದ ಬೇರೆ ಮಾಡುವ ಕಟೌಟ್ ಇರುತ್ತಿತ್ತು. ಡೈನಮೊದ ಕಬ್ಬಿಣದಲ್ಲೇ ಉಳಿದಿರುವ ಅಯಸ್ಕಾಂತ ಸಾಕಾಗುತ್ತಿತ್ತು, ತಾನಾಗಿ ಚಾರ್ಜ್ ಎತ್ತಿಕೊಳ್ಳುತ್ತಿತ್ತು. ಬಲ್ಬ್ ಅಲ್ಲಿ ನಿಜಕ್ಕೂ ಬರೀ ಸೂಚನೆಗೆ. ಆಲ್ಟರ್ನೇಟರ್ ಬಂದ ಮೇಲೆ ಲೆಕ್ಕ ಬದಲಾಯಿತು, ಮಾತು ಮಾತ್ರ ಹಾಗೇ ಉಳಿಯಿತು. ಡೈನಮೊ ತೆಗೆದು ಆಲ್ಟರ್ನೇಟರ್ ಕೂರಿಸಿದ ಎಷ್ಟೋ ಜೀಪುಗಳಲ್ಲಿ ಇವತ್ತಿಗೂ ಈ ಬಲ್ಬಿನ ವೈರ್ ಎಲ್ಲೂ ಸೇರದೆ ನೇತಾಡುತ್ತಿರುತ್ತದೆ.

ಈಗ ನಿಮ್ಮ ಎರಡನೇ ತೊಂದರೆಯನ್ನು ಮೊದಲು ಮುಗಿಸೋಣ, ಅದು ಸುಲಭ. 12 ವೋಲ್ಟಿನ 2 ವ್ಯಾಟ್ ಬಲ್ಬ್ ಸುಮಾರು 170 ಮಿಲಿಆಂಪ್ ಎಳೆಯುತ್ತದೆ. ರೋಟರಿಗೆ ಸಿಗುವುದೂ ಅಷ್ಟೇ. ಮೀಟರ್ ಬೋರ್ಡಿನ ಸಣ್ಣ ಎಲ್‌ಇಡಿ ಎಳೆಯುವುದು 20 ಮಿಲಿಆಂಪ್ ಆಸುಪಾಸು. ಆ ಕರೆಂಟಿಗೆ ರೋಟರ್ ಎಚ್ಚರವೇ ಆಗುವುದಿಲ್ಲ. ಜೋರಾಗಿ ಎಕ್ಸಲೇಟರ್ ಕೊಟ್ಟಾಗ ಮಾತ್ರ, ರೋಟರ್ ಕಬ್ಬಿಣದಲ್ಲಿ ಉಳಿದಿರುವ ಚೂರುಪಾರು ಅಯಸ್ಕಾಂತವೇ ವೇಗದ ಬಲದಿಂದ ವೋಲ್ಟೇಜ್ ಎಬ್ಬಿಸುತ್ತದೆ. ಒಂದು ಸಲ ಎದ್ದ ಮೇಲೆ ಡಯೋಡ್‌ಗಳು ನೋಡಿಕೊಳ್ಳುತ್ತವೆ. ಅದಕ್ಕೇ ನಿಮಗೆ ಗಾಡಿ ನಿಲ್ಲಿಸುವವರೆಗೆ ತೊಂದರೆ ಇಲ್ಲ. ನೀವು ಬರೆದದ್ದಕ್ಕೂ ಇದಕ್ಕೂ ಅಕ್ಷರ ಅಕ್ಷರ ತಾಳೆಯಾಗುತ್ತದೆ.

ಪರಿಹಾರಕ್ಕೆ ಖರ್ಚು ಹೆಚ್ಚಿಲ್ಲ. ಆ ಒಂದು ಜಾಗಕ್ಕೆ ಎಲ್‌ಇಡಿ ತೆಗೆದು ಮಾಮೂಲಿ ಬಲ್ಬ್ ಹಾಕಿ. 2 ಅಥವಾ 3 ವ್ಯಾಟಿನದು. ಉಳಿದ ಎಲ್‌ಇಡಿಗಳು ಇರಲಿ, ಅವುಗಳದ್ದೇನೂ ತಕರಾರಿಲ್ಲ. ಬಲ್ಬ್ ತರುವಾಗ 12 ವೋಲ್ಟ್ ಅಂತ ಅದರ ಮೇಲೇ ಓದಿ ತನ್ನಿ. ದಾವಣಗೆರೆಯ ಪಿ.ಬಿ. ರಸ್ತೆ ಇರಲಿ, ದುರ್ಗದ ಹೈವೇ ಪಕ್ಕದ ಅಂಗಡಿ ಇರಲಿ, ಲಾರಿ ಸಾಮಾನೇ ಜಾಸ್ತಿ. 24 ವೋಲ್ಟಿನ ಬಲ್ಬ್ ನೋಡಲು ಹಾಗೇ ಇರುತ್ತದೆ, ಹೋಲ್ಡರಿಗೂ ಸರಿಯಾಗಿ ಕೂರುತ್ತದೆ. ಜೀಪಿನಲ್ಲಿ ಮಂಕಾಗಿ ಉರಿಯುತ್ತದೆ, ಕರೆಂಟೂ ಸಾಲುವುದಿಲ್ಲ. ಮತ್ತೆ ಇದೇ ರಾಮಾಯಣ.

ನನ್ನನ್ನು ಕೇಳಿದರೆ ಬಲ್ಬಿನ ಜೊತೆಗೆ ಒಂದು ರೆಸಿಸ್ಟರ್ ಕೂಡ ಹಾಕಿಸಿ. 68 ಓಮ್, 5 ವ್ಯಾಟ್. ರೇಡಿಯೊ, ಟಿವಿ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಬಲ್ಬಿನ ಎರಡು ಕಾಲುಗಳಿಗೆ ಸಮಾನಾಂತರವಾಗಿ ಸೇರಿಸಬೇಕು. ನಾಳೆ ರಾತ್ರಿ ತೋಟದ ದಾರಿಯಲ್ಲಿ ಬಲ್ಬ್ ಸುಟ್ಟುಹೋದರೂ ಚಾರ್ಜಿಂಗ್ ಶುರುವಾಗುತ್ತದೆ. ರೆಸಿಸ್ಟರ್ ಸ್ವಲ್ಪ ಬಿಸಿಯಾಗುತ್ತದೆ, ಹಾಗಾಗಿ ಅದನ್ನು ವೈರಿನ ಕಟ್ಟಿನೊಳಗೆ ಸುತ್ತಿಡಬೇಡಿ. ತಗಡಿಗೆ ತಾಗದ ಹಾಗೆ ಗಾಳಿಯಾಡುವ ಕಡೆ ಕಟ್ಟಿ. ಎಲ್‌ಇಡಿಯೇ ಇರಲಿ ಅನ್ನುವವರಿಗೂ ಈ ರೆಸಿಸ್ಟರ್ ಸಾಕು. ಆದರೆ ನಿಮಗೆ ಎಲ್‌ಇಡಿ ಬೇಡ ಅನ್ನುತ್ತೇನೆ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹೋಲ್ಡರ್ ಕೂಡ ನೋಡಿ. ಮೀಟರ್ ಬೋರ್ಡಿನ ಹೈ ಬೀಮ್ ಸೂಚನೆ ಬಲ್ಬಿನಂಥದ್ದಕ್ಕೆ ಒಂದೇ ವೈರ್ ಬಂದು, ಹೋಲ್ಡರಿನ ಮೈಯೇ ಡ್ಯಾಶ್‌ಬೋರ್ಡ್ ತಗಡಿಗೆ ತಾಗಿ ಅರ್ಥ್ ಆಗುವ ಪದ್ಧತಿ ಇದೆ. ಚಾರ್ಜಿಂಗ್ ಬಲ್ಬಿಗೆ ಅಂಥ ಹೋಲ್ಡರ್ ಹಾಕಲೇಬಾರದು. ಎರಡೂ ಕಾಲಿಗೆ ಬೇರೆ ಬೇರೆ ವೈರ್ ಇರಬೇಕು, ಮೈ ತಗಡಿಗೆ ತಾಗಿದರೂ ಕರೆಂಟ್ ದಾಟಬಾರದು. ಡಿ ಪ್ಲಸ್ ಕಡೆ ತಗಡಿಗೆ ತಾಗಿದರೆ ಬಲ್ಬ್ ಆರುವುದೇ ಇಲ್ಲ. ಅಷ್ಟೇ ಅಲ್ಲ, ಎಂಜಿನ್ ಓಡುವಾಗ ಡಿ ಪ್ಲಸ್ ಅರ್ಥ್ ಆದರೆ ಆ ಮೂರು ಸಣ್ಣ ಡಯೋಡ್‌ಗಳ ಪ್ರಾಣ ಹೋಗಬಹುದು.

ಇನ್ನು ಅಸಲಿ ತೊಂದರೆ, ರಾತ್ರಿಯ ಮಿಣುಕು.

ನೀವೇ ಯೋಚಿಸಿ. ಹಗಲು ಇಲ್ಲ, ಹೆಡ್‌ಲೈಟ್ ಹಾಕಿದರೆ ಬರುತ್ತದೆ. ರೆಗ್ಯುಲೇಟರ್ ಬದಲಾದರೂ ಹೋಗಲಿಲ್ಲ, ಬ್ಯಾಟರಿ ಬದಲಾದರೂ ಹೋಗಲಿಲ್ಲ. ಎಲ್‌ಇಡಿ ಹಾಕಿದ ಕೂಡಲೇ ಹೋಯಿತು. ಕೊನೆಯದು ದೊಡ್ಡ ಸುಳಿವು. ಮಾಮೂಲಿ ಬಲ್ಬಿನಲ್ಲಿ ಕರೆಂಟ್ ಯಾವ ಕಡೆಯಿಂದ ಹರಿದರೂ ಅದು ಉರಿಯುತ್ತದೆ. ಮೀಟರ್ ಬೋರ್ಡಿನ ಸಾಮಾನ್ಯ ಎಲ್‌ಇಡಿ ಹಾಗಲ್ಲ, ಒಂದು ದಿಕ್ಕಿನಲ್ಲಿ ಮಾತ್ರ. ನಿಮ್ಮದು ಕೀ ಹಾಕಿದಾಗ ಉರಿಯುತ್ತದೆ, ಅಂದರೆ ಕೀ ಕಡೆಯಿಂದ ಡಿ ಪ್ಲಸ್ ಕಡೆಗೆ ಹರಿದರೆ ಉರಿಯುವ ಹಾಗೆ ಕೂತಿದೆ. ರಾತ್ರಿಯ ಮಿಣುಕು ಅದರಲ್ಲಿ ಕಾಣುತ್ತಿಲ್ಲ ಅಂದರೆ, ಆ ಮಿಣುಕಿನ ಕರೆಂಟ್ ಉಲ್ಟಾ ಬರುತ್ತಿತ್ತು ಅನ್ನುವುದೇ ಹೆಚ್ಚು ಸಂಭವ. ಡಿ ಪ್ಲಸ್ ಜಾಸ್ತಿ, ಕೀ ಕಡೆ ಕಡಿಮೆ. ಆಲ್ಟರ್ನೇಟರ್ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು. ಅದು ಕೊಟ್ಟ 14 ವೋಲ್ಟ್ ಡ್ಯಾಶ್‌ಬೋರ್ಡ್ ತಲುಪುವಷ್ಟರಲ್ಲಿ 12 ಆಗುತ್ತಿತ್ತು. ಎಲ್‌ಇಡಿ ಹಾಕಿ ಅದರ ಬಾಯಿ ಮುಚ್ಚಿಸಿದರು, ಅಷ್ಟೇ.

ಎಲ್ಲಿ ಕಳೆದುಹೋಗುತ್ತಿದೆ? ಇಂಥ ಹಳೆ ಜೀಪುಗಳಲ್ಲಿ ಬಹಳಷ್ಟಕ್ಕೆ ಎಂಜಿನ್ ಕಡೆಯಿಂದ ಡ್ಯಾಶ್‌ಬೋರ್ಡಿಗೆ ಬರುವುದು ಒಂದೇ ಮುಖ್ಯ ವೈರ್. ಆಂಪ್ ಮೀಟರ್ ಇದ್ದರೆ ಅದರ ಮೂಲಕ. ಅಲ್ಲಿಂದಲೇ ಕೀ ಸ್ವಿಚ್ಚು, ಅಲ್ಲಿಂದಲೇ ಲೈಟ್ ಸ್ವಿಚ್ಚು. ಎರಡು ಹೆಡ್‌ಲೈಟ್ 55 ವ್ಯಾಟಿನವಾದರೆ ಎಂಟು ಆಂಪಿಗೂ ಮೇಲೆ. ಪಾರ್ಕಿಂಗ್ ಲೈಟ್, ಮೀಟರ್ ಲೈಟ್ ಸೇರಿದರೆ ಹತ್ತು. ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟ್ ಹಸಿರುಗಟ್ಟಿ 0.2 ಓಮ್ ಅಡ್ಡಿಯಾದರೆ ಸಾಕು, ಹತ್ತು ಆಂಪ್ ಹರಿಯುವಾಗ 2 ವೋಲ್ಟ್ ಅಲ್ಲೇ ಹೋಯಿತು. ಹಗಲು ಹೆಡ್‌ಲೈಟ್ ಇಲ್ಲ, ಕರೆಂಟ್ ಕಡಿಮೆ, ಕಳೆಯುವುದೂ ಕಡಿಮೆ. ಬಲ್ಬಿನ ಎರಡು ಕಾಲುಗಳ ನಡುವೆ 2 ವೋಲ್ಟ್ ಇದ್ದರೆ ಕತ್ತಲಲ್ಲಿ ಮಾತ್ರ ಕಾಣುವಷ್ಟು ಕೆಂಪಾಗುತ್ತದೆ.

ಇದನ್ನು ಬರೀ ಕಣ್ಣಿಗೆ ಕಿರಿಕಿರಿ ಅಂತ ಬಿಡಬೇಡಿ. 2 ವೋಲ್ಟ್, ಹತ್ತು ಆಂಪ್ ಅಂದರೆ 20 ವ್ಯಾಟ್ ಶಾಖ ಒಂದು ಸಣ್ಣ ಜಾಯಿಂಟಿನಲ್ಲಿ. ಪ್ಲಾಸ್ಟಿಕ್ ಮೆತ್ತಗಾಗಲು ಅಷ್ಟು ಬೇಕಾದಷ್ಟಾಯಿತು. ಹಳೆ ಜೀಪುಗಳ ಡ್ಯಾಶ್‌ಬೋರ್ಡ್ ಹಿಂದೆ ಹೊಗೆ ಬರುವುದಕ್ಕೆ ಇಂಥ ಜಾಯಿಂಟೂ ಒಂದು ಕಾರಣ. ನಿಮ್ಮ ಹೆಡ್‌ಲೈಟ್ ಮಂಕಾಗಿರುವುದಕ್ಕೂ ಇದೇ ಇರಬೇಕು. ಹ್ಯಾಲೊಜನ್ ಬಲ್ಬಿಗೆ 13.5 ವೋಲ್ಟ್ ಬದಲು 12 ಸಿಕ್ಕರೆ ಬೆಳಕು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ.

ಹುಡುಕಲು ನಿಮ್ಮ ಮೀಟರೇ ಸಾಕು, ಎಂಜಿನ್ ಸ್ಟಾರ್ಟ್ ಮಾಡುವ ಅಗತ್ಯವೂ ಇಲ್ಲ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಉದ್ದದ ಒಂದು ವೈರ್ ತಗೊಂಡು ಮೀಟರಿನ ಕೆಂಪು ಲೀಡನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೇ ಸೇರಿಸಿ. ಕಂಬಕ್ಕೆ, ಕ್ಲಾಂಪಿಗಲ್ಲ. ಕ್ಲಾಂಪಿನ ಕೆಳಗೇ ಬಿಳಿ ಪುಡಿ ಕೂತಿದ್ದರೆ ಅದೂ ಲೆಕ್ಕಕ್ಕೆ ಬರಬೇಕಲ್ವಾ. ಕೀ ಆನ್, ಹೆಡ್‌ಲೈಟ್ ಆನ್. ಈಗ ಕಪ್ಪು ಲೀಡನ್ನು ಚಾರ್ಜಿಂಗ್ ಬಲ್ಬಿನ ಕೀ ಕಡೆಯ ಕಾಲಿಗೆ ಮುಟ್ಟಿಸಿ. ಮೀಟರ್ ತೋರಿಸುವುದು ದಾರಿಯಲ್ಲಿ ಒಟ್ಟು ಕಳೆದುಹೋದ ವೋಲ್ಟ್. ಅರ್ಧ ವೋಲ್ಟಿನ ಒಳಗಿದ್ದರೆ ಸರಿ. ನಿಮ್ಮದರಲ್ಲಿ ಒಂದೂವರೆ, ಎರಡು ಬಂದರೆ ನನಗೆ ಆಶ್ಚರ್ಯವಿಲ್ಲ.

ಆಮೇಲೆ ಕೆಂಪು ಲೀಡ್ ಅಲ್ಲೇ ಇರಲಿ, ಕಪ್ಪನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ತನ್ನಿ. ಕೀ ಸ್ವಿಚ್ಚಿನ ಹೊರಗಿನ ಪಿನ್, ಒಳಗಿನ ಪಿನ್. ಆಂಪ್ ಮೀಟರಿನ ಒಂದು ಬೋಲ್ಟ್, ಇನ್ನೊಂದು ಬೋಲ್ಟ್. ಎಂಜಿನ್ನಿಗೂ ಸೀಟಿನ ಕಡೆಗೂ ನಡುವಿನ ತಗಡು, ಅಂದರೆ ಫೈರ್‌ವಾಲ್ ದಾಟುವ ಕಡೆಯ ಕನೆಕ್ಟರ್, ಬ್ಯಾಟರಿ ಕ್ಲಾಂಪ್. ಒಂದು ಕಡೆ ಎರಡು ವೋಲ್ಟ್ ಇದ್ದದ್ದು ಮುಂದಿನ ಕಡೆ ಥಟ್ಟನೆ ಚೂರಾಗಿಬಿಡುತ್ತದೆ. ಕಳ್ಳ ಆ ಎರಡರ ನಡುವೆ ಇದ್ದಾನೆ. ಊಹೆ ಮಾಡುವುದೇ ಬೇಡ. ವೈರಿನ ಬಣ್ಣ ನೋಡಿ ದಾರಿ ಹಿಡಿಯಬೇಡಿ. ಇಷ್ಟು ಹಳೆ ಗಾಡಿಯಲ್ಲಿ ಯಾವ್ಯಾವ ಕೈ ಯಾವ ಬಣ್ಣದ ವೈರಿಗೆ ಯಾವುದನ್ನು ಗಂಟು ಹಾಕಿದೆಯೋ. ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಿಟ್ಟು ಹೋಗಿ.

ಎಲ್ಲಿ ಮೊದಲು ನೋಡಲಿ ಅಂದರೆ, ಆಂಪ್ ಮೀಟರಿನ ಹಿಂದಿನ ಎರಡು ನಟ್ಟು. ಗಾಡಿಯ ಅದುರಿಗೆ ಸಡಿಲವಾಗುತ್ತವೆ, ಬಿಸಿಯಾಗುತ್ತವೆ, ಬಿಸಿಯಾದಷ್ಟೂ ಮತ್ತೆ ಸಡಿಲವಾಗುತ್ತವೆ. ಎರಡನೆಯದು ಕೀ ಸ್ವಿಚ್ಚು. ಕೀಯನ್ನು ಸ್ವಲ್ಪ ಅಲ್ಲಾಡಿಸಿದಾಗ ಮೀಟರಿನ ಅಂಕೆ ಕುಣಿದರೆ ಒಳಗಿನ ಕಾಂಟ್ಯಾಕ್ಟ್ ಸವೆದಿದೆ, ಬದಲಿಸಿ. ಮೂರನೆಯದು ಫೈರ್‌ವಾಲ್ ತೂತು. ಅಲ್ಲಿನ ರಬ್ಬರ್ ಹೋಗಿ ವೈರ್ ತಗಡಿನ ಅಂಚಿಗೆ ಉಜ್ಜುತ್ತಿರಬಹುದು. ಅಡಿಕೆ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರಾದರೆ ಇಲಿಯನ್ನೂ ಮರೆಯಬೇಡಿ. ನಿಮ್ಮ ಕಡೆ ಗಣಿ ಲಾರಿ ಓಡಾಡುವ ರಸ್ತೆಯ ಕೆಂಪು ದೂಳು ಬೇರೆ. ದೂಳು ಕೂರುತ್ತದೆ, ಮಳೆಗಾಲದ ತೇವ ಹಿಡಿಯುತ್ತದೆ, ತಾಮ್ರ ಹಸಿರಾಗುತ್ತದೆ.

ಜಾಯಿಂಟ್ ಸಿಕ್ಕ ಮೇಲೆ ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಬ್ಯಾಟರಿ ಮೈನಸ್ ಬಿಚ್ಚಿ. ಕಪ್ಪಾದ ತಾಮ್ರವನ್ನು ಕತ್ತರಿಸಿ ಹೊಳೆಯುವ ತಾಮ್ರ ಬರುವವರೆಗೆ ಹಿಂದಕ್ಕೆ ಹೋಗಿ. ಹೊಸ ಲಗ್ ಹಾಕಿ ಕ್ರಿಂಪ್ ಮಾಡಿಸಿ, ಸ್ಲೀವ್ ಏರಿಸಿ. ತುಂಡು ಸೇರಿಸಬೇಕಾದರೆ ಸಣ್ಣ ಎಳೆಗಳ ಆಟೊ ವೈರೇ ಆಗಬೇಕು. ಪಂಪ್‌ಸೆಟ್ಟಿಗೆ ಅಂತ ತಂದ ಒಂಟಿ ಕಂಬಿಯ ವೈರ್ ಮನೆಯಲ್ಲಿ ಉಳಿದಿರುತ್ತದೆ, ಕೈ ಅದರ ಕಡೆಗೇ ಹೋಗುತ್ತದೆ. ಅದು ಗಾಡಿಯ ಅದುರಿಗೆ ಕತ್ತಿನಲ್ಲೇ ಮುರಿಯುತ್ತದೆ.

ಇಷ್ಟಾದರೆ ಮಿಣುಕು ನಿಲ್ಲಬೇಕು. ಆದರೆ ಹೆಡ್‌ಲೈಟಿನ ಭಾರವನ್ನು ಇನ್ನೂ ಆ ಹಳೆ ಸ್ವಿಚ್ಚಿನ ಮೇಲೇ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಹೈ ಬೀಮಿಗೆ ಒಂದು, ಲೋ ಬೀಮಿಗೆ ಒಂದು ರಿಲೇ ಹಾಕಿಸಿ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ವೈರ್, ಬ್ಯಾಟರಿ ಹತ್ತಿರವೇ ಒಂದು 20 ಆಂಪ್ ಫ್ಯೂಸ್. 87ರಿಂದ ಹೆಡ್‌ಲೈಟಿಗೆ. 85 ಅರ್ಥ್‌ಗೆ. ಈಗ ಹೆಡ್‌ಲೈಟಿಗೆ ಹೋಗುತ್ತಿರುವ ಹಳೆ ವೈರ್ 86ಕ್ಕೆ. ಆಮೇಲೆ ಹೆಡ್‌ಲೈಟಿನ ಲೆಕ್ಕದಲ್ಲಿ ಡ್ಯಾಶ್‌ಬೋರ್ಡ್ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಕಾಯಿಲ್ ಎಳೆಯುವಷ್ಟು ಮಾತ್ರ, ಕಾಲು ಆಂಪೂ ಆಗುವುದಿಲ್ಲ. ಹೆಡ್‌ಲೈಟ್ ಬೆಳಗುವುದನ್ನು ನೋಡಿ ನಿಮಗೇ ಗೊತ್ತಾಗುತ್ತದೆ ಇಷ್ಟು ದಿನ ಎಷ್ಟು ಕಳೆದುಕೊಂಡಿದ್ದಿರಿ ಅಂತ. ನೀವು ಒಂದೇ ಕೆಲಸ ಮಾಡಿಸುವುದಾದರೆ ಇದನ್ನು ಮಾಡಿಸಿ.

ಆಂಪ್ ಮೀಟರ್ ಇದ್ದರೆ ಅದರ ಬಗ್ಗೆಯೂ ಒಂದು ಮಾತು. 30 ಆಂಪ್ ಅಂತ ಬರೆದಿರುವ ಮೀಟರಿನ ಮೂಲಕ ಅದಕ್ಕಿಂತ ದೊಡ್ಡ ಆಲ್ಟರ್ನೇಟರಿನ ಕರೆಂಟೆಲ್ಲ ಹಾಯಿಸುವುದು ಅಪಾಯ. ಆಲ್ಟರ್ನೇಟರಿನ ಬಿ ಪ್ಲಸ್‌ನಿಂದ ಬ್ಯಾಟರಿಗೆ ನೇರವಾಗಿ 10 ಸ್ಕ್ವೇರ್ ಎಂಎಂ ಕೇಬಲ್ ಎಳೆಸಿ. ಬ್ಯಾಟರಿ ತುದಿಯಲ್ಲಿ ಆಲ್ಟರ್ನೇಟರಿಗೆ ತಕ್ಕ ದೊಡ್ಡ ಫ್ಯೂಸ್ ಇರಲಿ. ಡ್ಯಾಶ್‌ಬೋರ್ಡಿಗೆ ಆಂಪ್ ಮೀಟರ್ ಬದಲು ವೋಲ್ಟ್ ಮೀಟರ್ ಹಾಕಿ. ಹಳೆ ಮುಖ ಹೋಯಿತಲ್ಲ ಅಂತ ಬೇಜಾರಾಗುವವರಿದ್ದಾರೆ, ಗೊತ್ತು. ಹಾಗಿದ್ದರೆ ಆ ಮೀಟರನ್ನು ಅಲ್ಲೇ ಬಿಡಿ, ವೈರ್ ಮಾತ್ರ ಕೊಡಬೇಡಿ.

ಎಲ್‌ಇಡಿ ಬೇಡ ಅಂದೆನಲ್ಲ, ಕಾರಣ ಈಗ ಹೇಳಬಹುದು. ಬಿ ಪ್ಲಸ್ ಕೇಬಲ್ ಸಡಿಲವಾದರೂ ಹೀಗೇ ಉಲ್ಟಾ ಮಿಣುಕು ಬರುತ್ತದೆ. ಆಲ್ಟರ್ನೇಟರಿನಲ್ಲಿ 14, ಬ್ಯಾಟರಿಯಲ್ಲಿ 12. ಬಲ್ಬ್ ತೋರಿಸುತ್ತದೆ, ಎಲ್‌ಇಡಿ ತೋರಿಸುವುದಿಲ್ಲ. ತೋಟಕ್ಕೆ ಹೋಗಿ ಬರುವ ಗಾಡಿಗೆ ಎರಡೂ ಕಡೆ ಮಾತಾಡುವ ಬಲ್ಬೇ ಮೇಲು.

ಆಲ್ಟರ್ನೇಟರ್ ಕೆಟ್ಟಿದೆಯಾ ಅನ್ನುವ ಅನುಮಾನ ನಿಮ್ಮ ಮನಸ್ಸಿನಲ್ಲಿ ಉಳಿಯಬಾರದು. ಮಾಮೂಲಿ ಬಲ್ಬ್ ಹಾಕಿದ ಮೇಲೆ ಇದನ್ನು ಮಾಡಿ. ಕೀ ಹಾಕಿ, ಸ್ಟಾರ್ಟ್ ಮಾಡಬೇಡಿ. ಬಲ್ಬ್ ಪೂರ್ತಿ ಉರಿಯಬೇಕು. ಡಿ ಪ್ಲಸ್ ಪಿನ್ನಿಗೂ ಅರ್ಥ್‌ಗೂ ಮೀಟರ್ ಇಟ್ಟರೆ ಒಂದೆರಡು ವೋಲ್ಟ್ ಇರಬೇಕು. 12 ವೋಲ್ಟ್ ಬಂದು ಬಲ್ಬ್ ಆರಿದ್ದರೆ ಕರೆಂಟ್ ಅಲ್ಲಿವರೆಗೆ ಬಂದು ಮುಂದೆ ಹೋಗುತ್ತಿಲ್ಲ. ಕಾರ್ಬನ್ ಸವೆದಿದೆ, ಇಲ್ಲಾ ಗೂಡಿನಲ್ಲಿ ಸಿಕ್ಕಿಕೊಂಡಿದೆ, ಇಲ್ಲಾ ರೆಗ್ಯುಲೇಟರ್ ಹೋಗಿದೆ. ಫೋರ್ ವೀಲ್ ಹಾಕಿ ಹಳ್ಳ ದಾಟಿಸುವ ಗಾಡಿಗಳಲ್ಲಿ ಕೆಸರು ನುಗ್ಗಿ ಕಾರ್ಬನ್ ಸಿಕ್ಕಿಕೊಳ್ಳುವುದು ಮಾಮೂಲು. ಸೊನ್ನೆ ಬಂದರೆ ವೈರ್ ಎಲ್ಲೋ ಕಡಿದಿದೆ ಅಥವಾ ತಗಡಿಗೆ ತಾಗಿದೆ. ಬಲ್ಬ್ ಆರಿದ್ದರೆ ಕಡಿದಿದೆ, ಉರಿಯುತ್ತಿದ್ದರೆ ತಾಗಿದೆ.

ಇನ್ನೊಂದು ಪರೀಕ್ಷೆಗೆ ಮೀಟರೂ ಬೇಡ. ಡಿ ಪ್ಲಸ್ ವೈರನ್ನು ಆಲ್ಟರ್ನೇಟರಿನಿಂದ ಕಿತ್ತುಬಿಡಿ. ಬಲ್ಬ್ ಆರಬೇಕು. ಆ ಬಿಡಿ ವೈರಿನ ತುದಿಯನ್ನು ಎಂಜಿನ್ ಕಬ್ಬಿಣಕ್ಕೆ ಮುಟ್ಟಿಸಿ. ಉರಿಯಬೇಕು. ಎರಡೂ ಸರಿಯಾದರೆ ಬಲ್ಬಿನ ವೈರಿಂಗ್ ಸರಿ ಇದೆ. ವೈರ್ ಕಿತ್ತ ಮೇಲೇ ಮುಟ್ಟಿಸಬೇಕು, ಪಿನ್ನಿಗೆ ಸಿಕ್ಕಿಸಿಕೊಂಡೇ ಅಲ್ಲ. ಸ್ಕ್ರೂಡ್ರೈವರ್ ಪರೀಕ್ಷೆಯೂ ಇದೆ. ವೈರ್ ವಾಪಸ್ ಸಿಕ್ಕಿಸಿ, ಕೀ ಆನ್, ಎಂಜಿನ್ ಆಫ್. ಪುಲ್ಲಿಯ ನಟ್ಟಿನ ಹತ್ತಿರ ಸ್ಕ್ರೂಡ್ರೈವರ್ ಹಿಡಿದರೆ ಸಣ್ಣಗೆ ಎಳೆತ ಗೊತ್ತಾಗಬೇಕು. ಎಲ್‌ಇಡಿ ಇದ್ದಾಗೊಮ್ಮೆ, ಬಲ್ಬ್ ಹಾಕಿದ ಮೇಲೊಮ್ಮೆ ಹಿಡಿದು ನೋಡಿ.

ಸ್ಟಾರ್ಟ್ ಮಾಡಿದ ಮೇಲೆ ಬ್ಯಾಟರಿ ಕಂಬಗಳಲ್ಲಿ 13.8ರಿಂದ 14.4 ಇರಬೇಕು. ಸ್ವಲ್ಪ ಎಕ್ಸಲೇಟರ್ ಕೊಟ್ಟು ಹೆಡ್‌ಲೈಟ್ ಹಾಕಿದರೂ 13.5ಕ್ಕಿಂತ ಕೆಳಗೆ ಬರಬಾರದು. ಈ ರೀಡಿಂಗ್ ಬಿಡಲೇಬೇಡಿ, ಯಾಕೆಂದರೆ ಬಲ್ಬ್ ಹೇಳದ ಸಂಗತಿಗಳನ್ನು ಇದು ಹೇಳುತ್ತದೆ. ಎಂಜಿನ್‌ಗೂ ಛಾಸಿಗೂ ನಡುವಿನ ಅರ್ಥ್ ಪಟ್ಟಿ ಹೋಗಿದ್ದರೆ ಬ್ಯಾಟರಿ ಅರ್ಧಂಬರ್ಧ ಚಾರ್ಜ್ ಆಗುತ್ತದೆ, ಬಲ್ಬ್ ಮಾತ್ರ ತಣ್ಣಗೆ ಆರಿರುತ್ತದೆ. ಅದರ ಎರಡು ಕಾಲುಗಳಲ್ಲೂ ಅಷ್ಟಷ್ಟೇ ಏರುಪೇರಾಗುವುದರಿಂದ ಅದಕ್ಕೆ ಗೊತ್ತೇ ಆಗುವುದಿಲ್ಲ. ರೆಗ್ಯುಲೇಟರ್ ಕೆಟ್ಟು 16 ವೋಲ್ಟ್ ಹೋದರೂ ಹಾಗೇ. ಬ್ಯಾಟರಿ ನೀರು ಕುದಿದು ಹೋಗುತ್ತಿರುತ್ತದೆ, ಲೈಟ್ ಆರಿರುತ್ತದೆ. ಫ್ಯಾನ್ ಬೆಲ್ಟ್ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿಗಿಂತ ಜಾಸ್ತಿ ಬಗ್ಗಬಾರದು, ಅದನ್ನೂ ನೋಡಿಕೊಳ್ಳಿ.

ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ನಿಮ್ಮದರಲ್ಲೂ ಹಾಗಿದ್ದರೆ ಅದರ ಆಯಿಲ್ ಸೀಲ್ ನೋಡಿಸಿ. ಸೀಲ್ ಸೋರಿ ಎಣ್ಣೆ ಕಾರ್ಬನ್ ಮೇಲೆ ಬಂದರೆ ಎಷ್ಟು ಸಲ ಕಾರ್ಬನ್ ಹಾಕಿಸಿದರೂ ನಿಲ್ಲುವುದಿಲ್ಲ.

ಬೇಡದ ಕೆಲಸಗಳು ಮೂರು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕ್ಲಾಂಪ್ ಕಿತ್ತು 'ಗಾಡಿ ನಿಲ್ಲಲಿಲ್ಲ, ಆಲ್ಟರ್ನೇಟರ್ ಸರಿ ಇದೆ' ಅನ್ನುವ ಪರೀಕ್ಷೆ ಯಾರಾದರೂ ಮಾಡಲು ಬಂದರೆ ಕೈ ಹಿಡಿದುಕೊಳ್ಳಿ. ಅದೂ ಡೈನಮೊ ಕಾಲದ್ದು. ಬ್ಯಾಟರಿ ಇಲ್ಲದ ಕ್ಷಣದಲ್ಲಿ ಆಲ್ಟರ್ನೇಟರ್ ವೋಲ್ಟೇಜ್ ಹತ್ತಾರು ವೋಲ್ಟಿಗೆ ಹಾರಿ ಡಯೋಡ್, ರೆಗ್ಯುಲೇಟರ್ ಸುಡುತ್ತವೆ. ಅಷ್ಟಕ್ಕೂ ನಿಮ್ಮದು ಡೀಸೆಲ್. ಓಡುತ್ತಿರುವ ಹಳೆ ಡೀಸೆಲ್ ಎಂಜಿನ್ನಿಗೆ ಕರೆಂಟೇ ಬೇಡ, ಆ ಪರೀಕ್ಷೆಗೆ ಅರ್ಥವೇ ಇಲ್ಲ. ಎರಡನೆಯದು ವೆಲ್ಡಿಂಗ್. ಬಾಡಿಗೆ, ಛಾಸಿಗೆ ವೆಲ್ಡಿಂಗ್ ಮಾಡಿಸುವ ಮುಂಚೆ ಬ್ಯಾಟರಿಯ ಮೈನಸ್ ಮತ್ತು ಆಲ್ಟರ್ನೇಟರಿನ ವೈರುಗಳನ್ನು ಬಿಚ್ಚಿಡಿ. ಮೂರನೆಯದು, ಬೇರೆ ಗಾಡಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಅದಲು ಬದಲಾದರೆ ಕ್ಷಣದಲ್ಲೇ ಡಯೋಡ್‌ಗಳು ಹೋಗುತ್ತವೆ.

ಡಯೋಡ್ ಹೋಗಿದ್ದರೆ ಹೇಗೆ ತಿಳಿಯುವುದು ಅಂದರೆ, ಕೀ ಆಫ್ ಮಾಡಿ ಡಿ ಪ್ಲಸ್‌ನಲ್ಲಿ ವೋಲ್ಟ್ ನೋಡಿ. ಸೊನ್ನೆಯ ಹತ್ತಿರ ಇರಬೇಕು. 11, 12 ಬಂದರೆ ಪ್ಲಸ್ ಕಡೆಯ ಡಯೋಡ್ ಶಾರ್ಟ್ ಆಗಿದೆ. ಅಂಥ ಗಾಡಿಯಲ್ಲಿ ಕೀ ತೆಗೆದ ಮೇಲೂ ಚಾರ್ಜಿಂಗ್ ಲೈಟ್ ಮಿಣುಕಬಹುದು. ರಾತ್ರಿಯೆಲ್ಲ ರೋಟರ್ ಕರೆಂಟ್ ಎಳೆದು ಬೆಳಗ್ಗೆ ಬ್ಯಾಟರಿ ಇಳಿದಿರುತ್ತದೆ. ನೀವು ಬೆಳಗ್ಗೆ ಸೆಲ್ಫ್ ಎತ್ತದ ವಿಷಯ ಬರೆದಿಲ್ಲ, ಹಾಗಾಗಿ ನಿಮ್ಮದರಲ್ಲಿ ಇದು ಇರಲಾರದು.

ಬಲ್ಬ್ ಹಾಕಿ, ಮೇಲೆ ಹೇಳಿದ ಜಾಯಿಂಟುಗಳನ್ನು ನೋಡಿ. ಆಮೇಲೂ ಲೈಟ್ ಸರಿ ಹೋಗದಿದ್ದರೆ ನಾಲ್ಕು ಅಂಕೆ ಬರೆದು ಕಳಿಸಿ. ಕೀ ಆನ್, ಎಂಜಿನ್ ಆಫ್ ಇದ್ದಾಗ ಡಿ ಪ್ಲಸ್‌ನಲ್ಲಿ ಎಷ್ಟು. ಎಂಜಿನ್ ಓಡುವಾಗ ಹೆಡ್‌ಲೈಟ್ ಹಾಕಿ ಬ್ಯಾಟರಿ ಕಂಬದಲ್ಲಿ ಎಷ್ಟು, ಡಿ ಪ್ಲಸ್‌ನಲ್ಲಿ ಎಷ್ಟು, ಬಲ್ಬಿನ ಕೀ ಕಡೆಯ ಕಾಲಿನಲ್ಲಿ ಎಷ್ಟು. ಹೊಸ ಆಲ್ಟರ್ನೇಟರ್ ಬೇಕಾ ಬೇಡವಾ ಅನ್ನುವುದನ್ನು ಅದನ್ನು ನೋಡಿಯೇ ಹೇಳುತ್ತೇನೆ.